ರಸ್ತೆ ಕಾಣದ ಗೇರ್: ಬಳ್ಳಾರಿ–ಸಂಡೂರು ದಾರಿಯಲ್ಲಿ ಎಎಂಟಿ ಕಾರು

ಮೈಲೇಜು ಎಷ್ಟು, ಡಿಕ್ಕಿ ಎಷ್ಟು ದೊಡ್ಡದು, ಒಳಗಿನ ಪರದೆ ಎಷ್ಟು ಇಂಚು ಅನ್ನೋದೆಲ್ಲ ನೀವು ಈಗಾಗಲೇ ಓದಿರುತ್ತೀರಿ. ಅದನ್ನೆಲ್ಲ ಬಿಟ್ಟುಬಿಡುತ್ತೇನೆ. ನಾನು ಬರೆಯುತ್ತಿರುವುದು ಗೇರಿನ ಬಗ್ಗೆ ಮಾತ್ರ. 2021ರಲ್ಲಿ ಕ್ಲಚ್ ಪೆಡಲ್ ಇಲ್ಲದ, ಗೇರನ್ನು ತಾನೇ ಬದಲಾಯಿಸುವ ಎಎಂಟಿ (ಆಟೋಮೇಟೆಡ್ ಮ್ಯಾನುವಲ್ ಟ್ರಾನ್ಸ್‌ಮಿಷನ್) ಕಾರು ತಗೊಂಡೆ. ಅವತ್ತಿಂದ ಇವತ್ತಿನವರೆಗೂ ಓಡಿಸುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಈ ಬೆಲೆಯ ಎಎಂಟಿಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತವೆ.

ಮನೆ ಬಳ್ಳಾರಿಯಲ್ಲಿ, ಶಾಲೆ ಸಂಡೂರಿನ ಹತ್ತಿರದ ಹಳ್ಳಿಯಲ್ಲಿ. ಬೆಳಿಗ್ಗೆ ಕುಡತಿನಿ, ತೋರಣಗಲ್ಲು ದಾಟಿ ಹೋಗಬೇಕು. ಸಂಜೆ ಅದೇ ದಾರಿಯಲ್ಲಿ ವಾಪಸ್. ಜೊತೆಗೆ ಇಬ್ಬರು ಟೀಚರ್‌ಗಳು ಬರುತ್ತಾರೆ, ಪೆಟ್ರೋಲ್ ಹಂಚಿಕೊಳ್ಳುತ್ತೇವೆ. ಈ ದಾರಿ ಗೊತ್ತಿದ್ದವರಿಗೆ ಮುಂದಿನ ಮಾತು ಬೇಗ ಅರ್ಥ ಆಗುತ್ತದೆ. ಅದಿರು ಲಾರಿಗಳು, ಉಕ್ಕಿನ ಕಾರ್ಖಾನೆಗೆ ಹೋಗಿ ಬರುವ ಉದ್ದುದ್ದ ಟ್ರೇಲರ್‌ಗಳು, ಮಧ್ಯೆ ಮೇವು ತುಂಬಿದ ಟ್ರ್ಯಾಕ್ಟರ್. ತೋರಣಗಲ್ಲು ಬಿಟ್ಟ ಮೇಲೆ ಕೆಂಪು ಧೂಳು ಬೇರೆ.

ಈ ದಾರಿಯಲ್ಲಿ ಗಾಡಿ ಓಡಿಸೋದು ಅಂದರೆ ಅರ್ಧ ಕೆಲಸ ಓವರ್‌ಟೇಕ್ ಮಾಡೋದು. ನನ್ನ ತಕರಾರು ಶುರುವಾಗೋದೂ ಅಲ್ಲೇ.

ಮುಂದೆ ಒಂದು ಅದಿರು ಲಾರಿ 40ರ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅದರ ಹಿಂದೆ ನಾನೂ 40ರಲ್ಲಿ ಹೋಗುತ್ತಿದ್ದೇನೆ. ಪೆಟ್ರೋಲ್ ಉಳಿಸಬೇಕು ಅಂತ ನನ್ನ ಗಾಡಿ ತಾನೇ ನಾಲ್ಕನೇ ಗೇರಿಗೆ ಏರಿ ಕೂತಿರುತ್ತದೆ. ಎದುರಿನ ರಸ್ತೆ ಖಾಲಿ ಆಯಿತು. ನಾನು ಆಕ್ಸಿಲರೇಟರ್ ಒತ್ತುತ್ತೇನೆ. ಆಗ ಗಾಡಿ ಮೊದಲು ಕ್ಲಚ್ ಬಿಡಿಸುತ್ತದೆ. ಎಳೆತ ಪೂರ್ತಿ ನಿಂತುಹೋಗುತ್ತದೆ. ಮೂರಕ್ಕೋ ಎರಡಕ್ಕೋ ಇಳಿಯುತ್ತದೆ. ಮತ್ತೆ ಕ್ಲಚ್ ಸೇರಿಸುತ್ತದೆ. ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಇಷ್ಟು ಹೊತ್ತಿಗೆ ನಾನು ಲಾರಿಯ ಪಕ್ಕಕ್ಕೆ ಬಂದಾಗಿದೆ. ಬಲಗಡೆ ಲೇನಿನಲ್ಲಿ, ಎಳೆತ ಇಲ್ಲದ ಗಾಡಿಯಲ್ಲಿ, ಎದುರಿನ ತಿರುವನ್ನು ನೋಡುತ್ತಾ ಕೂತಿದ್ದೇನೆ. ಗಡಿಯಾರದ ಲೆಕ್ಕದಲ್ಲಿ ಅದು ಒಂದು ಸೆಕೆಂಡ್ ಆಚೆ ಈಚೆ ಇರಬಹುದು. ಆ ಜಾಗದಲ್ಲಿ ಕೂತವರಿಗೆ ಅದು ತುಂಬಾ ಹೊತ್ತು.

ಕ್ಲಚ್ ಇರುವ ಗಾಡಿಯಲ್ಲೂ ಗೇರ್ ಬದಲಾಯಿಸುವಾಗ ಎಳೆತ ನಿಲ್ಲುತ್ತದೆ, ನಿಜ. ಆದರೆ ಅಲ್ಲಿ ನಾವು ಲಾರಿಯ ಹಿಂದೆ ಇರುವಾಗಲೇ ಮೂರನೇ ಗೇರಿಗೆ ಹಾಕಿಕೊಂಡಿರುತ್ತೇವೆ. ಕಣ್ಣು ರಸ್ತೆ ನೋಡಿರುತ್ತದೆ, ಕೈ ಕೆಲಸ ಮುಗಿಸಿರುತ್ತದೆ. ಎಎಂಟಿಗೆ ರಸ್ತೆ ಕಾಣೋದಿಲ್ಲ. ಅದಕ್ಕೆ ಗೊತ್ತಿರೋದು ವೇಗ ಎಷ್ಟು, ಇಂಜಿನ್ ಎಷ್ಟು ತಿರುಗುತ್ತಿದೆ, ಪೆಡಲ್ ಎಷ್ಟು ಒತ್ತಿದ್ದಾರೆ ಅನ್ನೋದಷ್ಟೇ. ನಾನು ಪೆಡಲ್ ಒತ್ತಿದ ಮೇಲೆಯೇ ಅದಕ್ಕೆ ನನ್ನ ಮನಸ್ಸಿನಲ್ಲಿರೋದು ಗೊತ್ತಾಗುವುದು. ನನ್ನ ತಕರಾರೆಲ್ಲ ಈ ಒಂದು ಮಾತಿನಲ್ಲಿದೆ.

ಗೇರನ್ನು ನಾವೇ ಲಿವರಿನಿಂದ ಏರಿಸಿ ಇಳಿಸುವ ಎಂ ಮೋಡ್ ಇದೆಯಲ್ಲ, ಅದರಲ್ಲಿ ಹಾಕಿಕೊಳ್ಳಿ ಅನ್ನುತ್ತಾರೆ. ಹಾಕಿಕೊಳ್ಳುತ್ತೇನೆ. ತೋರಣಗಲ್ಲು ದಾಟಿದ ಮೇಲೆ ಲಿವರ್ ಪಕ್ಕಕ್ಕೆ ಸರಿಸಿ ಓಡಿಸೋದು ಈಗ ಅಭ್ಯಾಸ ಆಗಿದೆ. ಲಾರಿ ಹಿಂದೆ ಇರುವಾಗಲೇ ಒಂದು ಗೇರ್ ಇಳಿಸಿ ಇಟ್ಟುಕೊಳ್ಳುತ್ತೇನೆ. ಕ್ಲಚ್ ಗಾಡಿಗಿಂತ ನಿಧಾನ, ಆದರೂ ಕೆಲಸ ಆಗುತ್ತದೆ. ಆದರೆ ದಾರಿಯ ಅರ್ಧದಷ್ಟು ಗೇರನ್ನು ನಾನೇ ಬದಲಾಯಿಸಬೇಕು ಅಂದರೆ ಮ್ಯಾನುವಲ್ ಗಾಡಿಗಿಂತ ಸುಮಾರು 50 ಸಾವಿರ ಜಾಸ್ತಿ ಕೊಟ್ಟಿದ್ದು ಯಾಕೆ?

ಸಂಡೂರಿನ ಕುಮಾರಸ್ವಾಮಿ ಬೆಟ್ಟದಿಂದ ಇಳಿಯುವಾಗ ಮಾತ್ರ ಈ ಎಂ ಮೋಡ್ ಇಲ್ಲದೆ ಆಗೋದೇ ಇಲ್ಲ. ಗಾಡಿಯೇ ಗೇರ್ ಬದಲಾಯಿಸುವ ಡಿ ಯಲ್ಲಿ ಬಿಟ್ಟರೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಮೇಲಿನ ಗೇರಿಗೆ ಹೋಗುತ್ತದೆ. ಇಂಜಿನ್ ಹಿಡಿತ ಸಿಗೋದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಎರಡನೇ ಗೇರಿನಲ್ಲಿ ಹಿಡಿದು ಇಳಿಯಿರಿ. ಇದನ್ನು ಶೋರೂಮಿನಲ್ಲಿ ನನಗೆ ಯಾರೂ ಹೇಳಲಿಲ್ಲ.

ಇಷ್ಟು ಖಚಿತವಾಗಿ ಹೋಲಿಸಿ ಹೇಳೋದಕ್ಕೆ ಕಾರಣ ನಮ್ಮಪ್ಪನ ಮಾರುತಿ 800. ಅದರಲ್ಲೇ ನಾನು ಕಲಿತದ್ದು. ಈಗ ಸಿರುಗುಪ್ಪದಲ್ಲಿ ತಮ್ಮನ ಹತ್ತಿರ ಇದೆ. ಹೊಲಕ್ಕೆ ಗೊಬ್ಬರ ಒಯ್ಯೋದು, ಅವ್ವನನ್ನು ಸಂತೆಗೆ ಕರೆದುಕೊಂಡು ಹೋಗೋದು ಎಲ್ಲ ಅದರಲ್ಲೇ. ಊರಿಗೆ ಹೋದಾಗಲೆಲ್ಲ ಒಂದು ಸುತ್ತು ಓಡಿಸದೆ ಬರೋದಿಲ್ಲ. 796 ಸಿಸಿ ಇಂಜಿನ್, ನಾಲ್ಕು ಗೇರ್. ಕ್ಲಚ್ ಅಂದರೆ ಪೆಡಲಿನಿಂದ ಹೊರಟ ಒಂದು ತಂತಿ, ಅಷ್ಟೇ. ಕಾಲಿನ ಬೆರಳಿಗೇ ಗೊತ್ತಾಗುತ್ತದೆ ಕ್ಲಚ್ ಎಲ್ಲಿ ಹಿಡಿಯಿತು ಅಂತ. ಗದ್ದೆ ಬದಿಯ ಕೆಸರಿನಲ್ಲಿ ಸಿಕ್ಕಿಕೊಂಡರೆ ಹಾಫ್ ಕ್ಲಚ್ಚಿನಲ್ಲಿ ಹಿಂದೆ ಮುಂದೆ ಆಡಿಸಿ ಹೊರಗೆ ತರಬಹುದು. ಎಎಂಟಿಯಲ್ಲಿ ಆ ಬೆರಳಿನ ಕೆಲಸವನ್ನು ಒಂದು ಆಕ್ಚುವೇಟರ್ ಮಾಡುತ್ತದೆ. ಗೇರ್‌ಬಾಕ್ಸ್ ಮಾತ್ರ ಮ್ಯಾನುವಲ್ ಗಾಡಿಯದ್ದೇ. ಅದೇ ಹಲ್ಲು, ಅದೇ ಒಂದು ಕ್ಲಚ್ ಪ್ಲೇಟ್. ನನ್ನ ಗಾಡಿಯಲ್ಲಿ ಪೆಡಲ್ ತೆಗೆದು ಮೋಟಾರು, ಎಣ್ಣೆಯ ಪಂಪು, ಒಂದು ಕಂಪ್ಯೂಟರ್ ಕೂರಿಸಿದ್ದಾರೆ. ಅದಕ್ಕೇ ಇದು ಬೇರೆ ಆಟೋಮ್ಯಾಟಿಕ್‌ಗಳಿಗಿಂತ ಅಗ್ಗ. ಟಾರ್ಕ್ ಕನ್ವರ್ಟರ್, ಸಿವಿಟಿ ಇರುವ ಗಾಡಿಗಳು ಇಷ್ಟು ಒದ್ದಾಡೋದಿಲ್ಲ. ಅವು ನನ್ನ ಸಂಬಳಕ್ಕೆ ಎಟುಕುವಂಥವಲ್ಲ.

800 ಬಂದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ನಮ್ಮ ದೇಶಕ್ಕೆ ಮೊದಲ ಎಎಂಟಿ ಕಾರು, ಮಾರುತಿಯದ್ದೇ ಸೆಲೆರಿಯೊ, ಬಂದದ್ದು ಅದರ ಮರು ತಿಂಗಳು, ಫೆಬ್ರವರಿಯಲ್ಲಿ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಈಗ ಕುಡತಿನಿಯಲ್ಲಿ ನಡೆದದ್ದು ಹೇಳುತ್ತೇನೆ. ಇದು ಗೊತ್ತಿಲ್ಲದೆ ಎಎಂಟಿ ತಗೊಳ್ಳಬೇಡಿ.

ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು. ಶಾಲೆಯಿಂದ ವಾಪಸ್ ಬರುವಾಗ ಚಹಾಕ್ಕೆ ನಿಲ್ಲಿಸಿದೆವು. ನನ್ನ ಗಾಡಿಗೆ ಪಾರ್ಕಿಂಗ್ ಗೇರ್ ಅಂತ ಬೇರೆ ಇಲ್ಲ. ಗೇರಿನಲ್ಲೇ ಬಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ ಇಳಿಯಬೇಕು. ಪುಸ್ತಕದಲ್ಲಿ ಹಾಗೇ ಬರೆದಿದ್ದಾರೆ. ಹಾಗೇ ಮಾಡಿ ಇಳಿದೆ. ಚಹಾ ಕುಡಿದು ಬಂದು ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಬ್ಯಾಟರಿ ಸತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿಗಳು ಬೇಗ ಸಾಯುತ್ತವೆ, ಹೇಳದೆ ಕೇಳದೆ ಸಾಯುತ್ತವೆ. ಅದು ಯಾರ ತಪ್ಪೂ ಅಲ್ಲ.

ಹಿಂದೆ ಒಂದು ಲಾರಿ ಹೊರಡೋದಕ್ಕೆ ಕಾಯುತ್ತಿತ್ತು. ಡ್ರೈವರ್ ಇಳಿದು ಬಂದರು. ಚಹಾದಂಗಡಿಯ ಹುಡುಗರೂ ಬಂದರು.

"ಮೇಡಂ, ನ್ಯೂಟ್ರಲ್ ಮಾಡ್ರಿ, ತಳ್ತೀವಿ."

ಲಿವರ್ ಎನ್ ಗೆ ತಂದೆ. ಹ್ಯಾಂಡ್ ಬ್ರೇಕ್ ಬಿಟ್ಟೆ. ನಾಲ್ಕು ಜನ ತಳ್ಳಿದರು. ಗಾಡಿ ಅಲ್ಲಾಡಲಿಲ್ಲ.

"ಹ್ಯಾಂಡ್ ಬ್ರೇಕ್ ಬಿಟ್ಟೀರೇನ್ರಿ?"

"ಬಿಟ್ಟೀನಣ್ಣಾ."

ಲಿವರ್ ಎಲ್ಲಿಗೆ ತಂದರೂ ಒಳಗಿನ ಗೇರ್ ಕದಲಬೇಕಾದರೆ ಕರೆಂಟ್ ಬೇಕು. ಕರೆಂಟ್ ಇಲ್ಲ ಅಂದರೆ ಕ್ಲಚ್ ಬಿಡೋದಿಲ್ಲ, ಮೊದಲನೇ ಗೇರ್ ಕಚ್ಚಿಕೊಂಡೇ ಇರುತ್ತದೆ. ತಳ್ಳಿ ಸ್ಟಾರ್ಟ್ ಮಾಡೋದು ದೂರದ ಮಾತು, ಪಕ್ಕಕ್ಕೆ ಸರಿಸೋದಕ್ಕೂ ಆಗಲಿಲ್ಲ. 800 ಆಗಿದ್ದರೆ ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿ, ಇಬ್ಬರು ತಳ್ಳಿದ್ದರೆ ಸಾಕಿತ್ತು. ಲಾರಿಯವರು ತಮ್ಮ ಬ್ಯಾಟರಿಯಿಂದ ತಂತಿ ಕೊಡುತ್ತೇವೆ ಅಂದರು. ಅಷ್ಟರಲ್ಲಿ ಬಂದ ಮೆಕ್ಯಾನಿಕ್ ಬೇಡವೇ ಬೇಡ ಅಂದ. ಲಾರಿಯದು 24 ವೋಲ್ಟ್, ಕಾರಿನದು 12. ಕೊಟ್ಟಿದ್ದರೆ ಒಳಗಿನ ಕಂಪ್ಯೂಟರೇ ಸುಟ್ಟುಹೋಗುತ್ತಿತ್ತು. ಅವನು ಒಂದು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿಕೊಂಡು ಬಂದ. ತಂತಿ ಕೊಟ್ಟ ಕೂಡಲೇ ಪಂಪು ಜುಯ್ ಅಂದಿತು, ಎನ್ ಬಂತು, ಗಾಡಿ ಸ್ಟಾರ್ಟ್ ಆಯಿತು. ಆ ಮೆಕ್ಯಾನಿಕ್ ಹುಡುಗ ಬ್ಯಾಟರಿ ತಂದ ಖರ್ಚು ಬಿಟ್ಟು ಒಂದು ರೂಪಾಯಿ ಜಾಸ್ತಿ ಮುಟ್ಟಲಿಲ್ಲ.

ಆದರೆ ಮೀಟರಿನಲ್ಲಿ ಗೇರಿನ ದೀಪ ಉರಿಯುತ್ತಲೇ ಇತ್ತು. ಒಂದರಿಂದ ಎರಡಕ್ಕೆ ಹೋಗುವಾಗ ಮೊದಲೇ ತಲೆ ಮುಂದಕ್ಕೆ ಜೋಲುತ್ತಿತ್ತು, ಈಗ ಹಿಂದೆ ಕೂತವರು ಸೀಟು ಹಿಡಿದುಕೊಳ್ಳುವ ಹಾಗಾಯಿತು. ಅದೇ ಹುಡುಗನನ್ನು ಕೇಳಿದೆ. "ಇದಕ್ಕ ನಮ್ ಕೈ ಹೋಗಲ್ರಿ ಮೇಡಂ, ಸ್ಕ್ಯಾನರ್ ಬೇಕು" ಅಂದ. 800ರ ಕ್ಲಚ್ ತಂತಿ ತುಂಡಾದಾಗ ಮರದ ಕೆಳಗೆ ಹೊಸದು ಹಾಕಿ ಕಳಿಸುವಂಥ ಹುಡುಗ. ಅವನ ಕೈಯಲ್ಲಿ ಕಸುಬಿದೆ. ಗಾಡಿಯೇ ಅವನನ್ನು ಒಳಗೆ ಬಿಡೋದಿಲ್ಲ. ಇದು ನನಗೆ ಬಿಲ್ಲಿಗಿಂತ ಜಾಸ್ತಿ ನೋವು ಕೊಟ್ಟ ವಿಷಯ.

ಸರ್ವಿಸ್ ಸೆಂಟರಿನವರು ಲ್ಯಾಪ್‌ಟಾಪ್ ಹಚ್ಚಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನೋದನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿದರು. ಒಂದಷ್ಟು ದಿನ ಚೆನ್ನಾಗಿತ್ತು. ಆಮೇಲೆ ಕ್ಲಚ್ ಪ್ಲೇಟೇ ಸವೆದಿದೆ ಅಂದರು. ಐದಂಕಿ ಬಿಲ್ಲು. ಗಾಡಿ ವಾರಗಟ್ಟಲೆ ಅಲ್ಲೇ ನಿಂತಿತ್ತು. ಬಸ್ಸಿನಲ್ಲಿ ಹೋಗಿ ಬಂದೆ.

ಇಷ್ಟೆಲ್ಲ ಆದಮೇಲೂ ಗಾಡಿ ಮಾರಿಲ್ಲ. ಅದಕ್ಕೂ ಕಾರಣ ಇದೆ.

ನಮ್ಮ ಯಜಮಾನರು ಮೊದಲಿಂದಲೂ ಸ್ಕೂಟರ್ ಮಾತ್ರ ಓಡಿಸಿದವರು. 800ರಲ್ಲಿ ಕಲಿಸೋಣ ಅಂತ ಎಷ್ಟೋ ಸಲ ಕೂರಿಸಿದ್ದೆ. ಕ್ಲಚ್ ಬಿಡುವಾಗ ಗಾಡಿ ಆಫ್ ಆಗೋದು, ಹಿಂದಿನವರು ಹಾರ್ನ್ ಹೊಡೆಯೋದು, ಇವರು ಕೀ ಕೊಟ್ಟು ಇಳಿದುಬಿಡೋದು. ಎಎಂಟಿ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರೇ ಕೀ ಕೇಳಿದರು. ಕೋಟೆ ಗುಡ್ಡದ ಸುತ್ತ ಖಾಲಿ ರಸ್ತೆಯಲ್ಲಿ ಓಡಿಸಿದರು. ಆಫ್ ಆಗೋ ಭಯ ಇಲ್ಲ ಅಂದಮೇಲೆ ಕೈ ತಾನಾಗಿಯೇ ಸಡಿಲ ಆಯಿತು. ಈಗ ಅತ್ತೆಯನ್ನು ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋಗುತ್ತಾರೆ. ನಾನು ಶಾಲೆಗೆ ರಜೆ ಹಾಕುವುದು ತಪ್ಪಿದೆ. ಮನೆಯಲ್ಲಿ ಇಬ್ಬರಿಗೂ ಗಾಡಿ ಬರುತ್ತದೆ ಅನ್ನುವ ಧೈರ್ಯ ಇದೆಯಲ್ಲ, ಅದನ್ನು ಈ ಗಾಡಿ ಕೊಟ್ಟಿತು. ಅದಕ್ಕೆ ನಾನು ಯಾವತ್ತೂ ಇಲ್ಲ ಅನ್ನೋದಿಲ್ಲ.

ಪೇಟೆಯೊಳಗೆ ಇದರ ಸುಖವೂ ನಿಜ. ಸುಧಾ ಕ್ರಾಸಿನಲ್ಲಿ ರೈಲ್ವೆ ಗೇಟ್ ಬಿದ್ದರೆ ಗೊತ್ತಲ್ಲ. ಗೇಟ್ ಎದ್ದ ಮೇಲೂ ಸಾಲು ಇಂಚಿಂಚೇ ಸರಿಯುತ್ತದೆ. ಬ್ರೇಕಿನಿಂದ ಕಾಲು ಸ್ವಲ್ಪ ಎತ್ತಿದರೆ ಗಾಡಿ ತಾನೇ ತೆವಳುತ್ತದೆ, ಒತ್ತಿದರೆ ನಿಲ್ಲುತ್ತದೆ. ಎಡಗಾಲು ಸುಮ್ನೆ ಕೂತಿರುತ್ತದೆ. ಸಂಜೆ ಶಾಲೆ ಮುಗಿಸಿ ಬರುವ ಹೊತ್ತಿಗೆ ಮೊಣಕಾಲು ನೋಯುವವರಿಗೆ ಇದರ ಬೆಲೆ ಗೊತ್ತು. ಮೈಲೇಜೂ ಮ್ಯಾನುವಲ್ ಗಾಡಿಗಿಂತ ಕಡಿಮೆ ಏನಿಲ್ಲ.

ಬೆಳಗಿನ ಹೊತ್ತು ನನಗೆ ಇಷ್ಟವಾಗುವ ಒಂದು ಕ್ಷಣ ಇದೆ. ಗಾಜಿನ ಮೇಲಿನ ಕೆಂಪು ಧೂಳನ್ನು ಮೊದಲು ನೀರು ಹಾಕಿ ಇಳಿಸಿ, ಆಮೇಲೆ ಹಸಿ ಬಟ್ಟೆಯಲ್ಲಿ ಒರೆಸುತ್ತೇನೆ. ಒಣ ಬಟ್ಟೆ ಹಾಕಿದರೆ ಗೆರೆ ಬೀಳುತ್ತದೆ, ಅದಿರಿನ ಪುಡಿ ಅಲ್ವಾ. ಬಟ್ಟೆ ಹಿಂಡಿ ಡ್ರೈವರ್ ಬಾಗಿಲು ತೆಗೆದ ಕೂಡಲೇ ಒಳಗಿಂದ ಪಂಪಿನ ಸಣ್ಣ ಸದ್ದು ಬರುತ್ತದೆ. ನಾನು ಕೂರುವ ಮುಂಚೆಯೇ ಅದು ಎಣ್ಣೆಯ ಒತ್ತಡ ಏರಿಸಿಕೊಳ್ಳುತ್ತದೆ. ಬ್ಯಾಗ್ ಪಕ್ಕಕ್ಕಿಟ್ಟು, ಬೆಲ್ಟ್ ಹಾಕಿ, ಸದ್ದು ನಿಂತ ಮೇಲೆ ಕೀ ತಿರುಗಿಸುತ್ತೇನೆ. ನಿಮ್ಮ ಗಾಡಿಯಲ್ಲೂ ಪಂಪು ಇದ್ದರೆ ಈ ಸದ್ದನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಒಂದು ದಿನ ಸದ್ದು ಕುಗ್ಗಿದೆ, ಎಳೆದ ಹಾಗಿದೆ ಅನ್ನಿಸಿದರೆ ಅವತ್ತೇ ಬ್ಯಾಟರಿ ತೋರಿಸಿ.

ತಲೆ ಜೋಲುವುದಕ್ಕೂ ಒಂದು ಉಪಾಯ ಕಲಿತಿದ್ದೇನೆ. ಒಂದರಿಂದ ಎರಡಕ್ಕೆ ಹೋಗುತ್ತದೆ ಅನ್ನುವ ಹೊತ್ತಿಗೆ ಆಕ್ಸಿಲರೇಟರ್‌ನಿಂದ ಕಾಲನ್ನು ಚೂರು ಎತ್ತಿ, ಗೇರ್ ಬಿದ್ದ ಮೇಲೆ ಮತ್ತೆ ಒತ್ತಬೇಕು. ಮ್ಯಾನುವಲ್ ಓಡಿಸಿದವರಿಗೆ ಇದು ಬೇಗ ಬರುತ್ತದೆ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸಲೇಬೇಡಿ, ಕ್ಲಚ್ ಕಾದು ಸುಡುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿ.

ನನ್ನ ತೀರ್ಮಾನ ಹೀಗಿದೆ. ಈ ಗಾಡಿ ಬಳ್ಳಾರಿ ಪೇಟೆಗೆ, ಯಜಮಾನರ ಕೈಗೆ. ಸಂಡೂರು ದಾರಿಗೆ ನಾನು ಒಂದು ಹಳೆಯ ಮ್ಯಾನುವಲ್ ಗಾಡಿ ಹುಡುಕುತ್ತಿದ್ದೇನೆ. ಬಜೆಟ್ ಎರಡು ಲಕ್ಷ, ತಂತಿ ಕ್ಲಚ್ ಇದ್ದರೆ ಇನ್ನೂ ಒಳ್ಳೆಯದು. ಹೆದ್ದಾರಿಯಲ್ಲಿ ದಿನಾ ಲಾರಿ ದಾಟುವವರು ನೀವಾಗಿದ್ದರೆ, ಅಗ್ಗ ಅಂತ ಎಎಂಟಿಗೆ ಹೋಗಬೇಡಿ. ಪೇಟೆಯೊಳಗೇ ಓಡಾಡುವವರು, ಕ್ಲಚ್ ಭಯಕ್ಕೆ ಇಷ್ಟು ವರ್ಷ ಕಲಿಯದೆ ಉಳಿದವರು ಧೈರ್ಯವಾಗಿ ತಗೊಳ್ಳಿ.

ಟೆಸ್ಟ್ ಡ್ರೈವಿಗೆ ಹೋದಾಗ ಶೋರೂಮಿನ ಮುಂದಿನ ನುಣ್ಣನೆ ರಸ್ತೆಯಲ್ಲೇ ಒಂದು ಸುತ್ತು ಹಾಕಿ ಬರಬೇಡಿ. ಒಂದು ಸೇತುವೆಯ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಎಷ್ಟು ಜಾರುತ್ತದೆ ನೋಡಿ. ಒಂದು ಲಾರಿ ಹಿಂದೆ 40ರಲ್ಲಿ ಹೋಗಿ, ಎದುರು ಪೂರ್ತಿ ಖಾಲಿ ಇರುವಾಗ ದಾಟಿ ನೋಡಿ. ಬ್ಯಾಟರಿ ಹೋದರೆ ನ್ಯೂಟ್ರಲ್ ಮಾಡೋದು ಹೇಗೆ ಅಂತ ಕೇಳಿ, ಉತ್ತರ ಬರುವವರೆಗೂ ಅಡ್ವಾನ್ಸ್ ಕೊಡಬೇಡಿ. ತಗೊಂಡ ಮೇಲೆ ಡಿಕ್ಕಿಯಲ್ಲಿ ದಪ್ಪ ಜಂಪರ್ ಕೇಬಲ್ ಒಂದು ಜೊತೆ ಇರಲಿ. ಟೋಯಿಂಗ್ ಗಾಡಿ ಬಂದರೆ ಮುಂದಿನ ಚಕ್ರ ಎತ್ತಿಯೇ ಒಯ್ಯಬೇಕು ಅಂತ ನೀವೇ ನಿಂತು ಹೇಳಿ.