ರೋಸೆಲ್ ಬೀಜದ ಪ್ಯಾಕೆಟ್: ಬೀಜ ಚೆನ್ನಾಗಿದೆ, ಕವರ್ ಮೇಲಿನ ಮಾತು ನಂಬಬೇಡಿ

‘ದಾಸವಾಳ ಟೀ ಗಿಡ’ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರಲ್ಲ, ಅದನ್ನು ಬೆಂಗಳೂರಿನ ನಮ್ಮ ಟೆರೇಸಿಗೆ ತರಿಸಿದ್ದೆ. ಕವರ್ ಮೇಲೆ ಅಂಗೈಯಗಲದ ಕೆಂಪು ದಾಸವಾಳದ ಚಿತ್ರ. ಒಳಗಿರುವುದು ಆ ಗಿಡದ ಬೀಜವೇ ಅಲ್ಲ. ಇದು ರೋಸೆಲ್, ಅಂದರೆ ಉತ್ತರ ಕರ್ನಾಟಕದ ಪುಂಡಿ ಸೊಪ್ಪಿನ ಕೆಂಪು ಜಾತಿ. ಹೂವು ತಿಳಿಹಳದಿ, ನಡುವೆ ಕಡುಗೆಂಪು, ಬೆಳಗ್ಗೆ ಅರಳಿ ಅವತ್ತೇ ಮುದುಡುತ್ತದೆ. ಟೀಗೆ ಬೇಕಾದದ್ದು ಆ ಹೂವಲ್ಲ, ಅದು ಉದುರಿದ ಮೇಲೆ ಬುಡದಲ್ಲಿ ಕಾಯಿಯ ಸುತ್ತ ದಪ್ಪಗಾಗುವ ಕೆಂಪು ಹೊದಿಕೆಯ ಎಸಳು.

ಬೀಜದ ಬಗ್ಗೆ ದೂರಿಲ್ಲ. ರಾತ್ರಿ ನೆನೆಸಿ ಹಾಕಿದೆ, ಹೆಚ್ಚುಕಡಿಮೆ ಎಲ್ಲವೂ ಮೊಳೆತವು. ಆದರೆ ‘ವರ್ಷವಿಡೀ ಬಿತ್ತಬಹುದು’ ಅಂತ ಅಚ್ಚು ಹಾಕಿದ್ದಾರಲ್ಲ, ಅದು ಶುದ್ಧ ಸುಳ್ಳು. ಹಗಲು ಚಿಕ್ಕದಾಗುತ್ತಾ ಬಂದಾಗ ಹೂ ಬಿಡುವ ಗಿಡ ಇದು. ಮೇ ಕೊನೆಗೆ ಇಲ್ಲವೇ ಜೂನ್‌ನಲ್ಲಿ ಬಿತ್ತಿದರೆ ಮಳೆಗಾಲವೆಲ್ಲಾ ಬೆಳೆದು, ಆಳೆತ್ತರವಾಗಿ, ಕವಲೊಡೆದು ಅಕ್ಟೋಬರ್-ನವೆಂಬರ್ ಹೊತ್ತಿಗೆ ಮೈತುಂಬಾ ಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಬಿತ್ತಿದ ಗಿಡ ಮೊಣಕಾಲೆತ್ತರಕ್ಕೇ ಹೂ ಬಿಟ್ಟು ಸುಮ್ನಾಗುತ್ತದೆ. ಮಾರಿದವರಿಗೆ ಮೆಸೇಜ್ ಹಾಕಿದರೆ ‘ಗೊಬ್ಬರ ಜಾಸ್ತಿ ಹಾಕಿ ಮೇಡಂ’ ಅಂತ ಉತ್ತರ ಬಂತು. ಗೊಬ್ಬರ ಹಾಕಿದರೆ ಹಗಲು ಉದ್ದ ಆಗುತ್ತಾ?

ಹೂವಿಗೆ ಮುಂಚೆ ಸೊಪ್ಪು ಸಿಗುತ್ತದೆ, ಅದನ್ನು ಬಿಡಬೇಡಿ. ಕುಡಿ ಚಿವುಟಿದಷ್ಟೂ ಕವಲು ಜಾಸ್ತಿ. ನಮ್ಮತ್ತೆ ಕಲಬುರಗಿ ಕಡೆಯವರು, ತೊಗರಿಬೇಳೆ, ಜೋಳದ ನುಚ್ಚು ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪುಂಡಿ ಪಲ್ಯ ಮಾಡಿದರು. ಬಿಸಿ ಜೋಳದ ರೊಟ್ಟಿ ಜೊತೆ ಬೇರೇನೂ ಬೇಡ. ‘ಇದ್ಕ ರೊಕ್ಕ ಕೊಟ್ಟು ಬೀಜ ತರ್ಸೀಯೇನವ್ವ’ ಅಂತ ನಕ್ಕರು, ಇರಲಿ.

ಕೆಂಪು ಎಸಳು ಎಳೆಯದಿದ್ದಾಗಲೇ ಕೀಳಿ, ಕೈಯಲ್ಲೇ ಪಟ್ಟಂತ ಮುರಿಯುತ್ತದೆ. ಬಲಿತರೆ ನಾರು. ಬುಡ ಕೊಯ್ದು ಒಳಗಿನ ಹಸಿರು ಬೀಜದ ಕಾಯನ್ನು ಬೆರಳಲ್ಲಿ ಒತ್ತಿ ಹೊರಗೆ ತಳ್ಳಬೇಕು, ಬೇಜಾರಿನ ಕೆಲಸ. ನವೆಂಬರ್ ಮೋಡದಲ್ಲಿ ಬಿಸಿಲಿಗೆ ಕಾಯುತ್ತಾ ಕೂತರೆ ಬೂಸ್ಟು ಗ್ಯಾರಂಟಿ, ಫ್ಯಾನ್ ಕೆಳಗೆ ತೆಳ್ಳಗೆ ಹರಡಿ. ಒಣಗಿದ ನಾಲ್ಕೈದನ್ನು ಲೋಟಕ್ಕೆ ಹಾಕಿ ಕುದಿಯುವ ನೀರು ಸುರಿದರೆ ಬಣ್ಣ ಎಳೆ ಎಳೆಯಾಗಿ ಇಳಿದು ಐದು ನಿಮಿಷಕ್ಕೆ ಕಡುಗೆಂಪು. ಈಜಿಪ್ಟಿನವರು ಕುಡಿಯುವ ಕರ್ಕದೆ ಅನ್ನೋ ಟೀ ಇದೇ. ಹುಳಿ ಚೆನ್ನಾಗೇ ಇರುತ್ತದೆ, ನಿಂಬೆ ಬೇಡ, ಬೆಲ್ಲ ಬೇಕೇ ಬೇಕು. ಹಸಿಯದರಲ್ಲಿ ಹಸಿಮೆಣಸಿನಕಾಯಿ ಚಟ್ನಿಯೂ ಆಗುತ್ತದೆ, ಅಲ್ಯೂಮಿನಿಯಂ ಪಾತ್ರೆ ಮಾತ್ರ ಮುಟ್ಟಬೇಡಿ. ಬಿಪಿ ಮಾತ್ರೆ ತಗೊಳ್ಳುವವರು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಿ, ಈ ಟೀಗೆ ಬಿಪಿ ಇಳಿಯಬಹುದು. ಕವರ್ ಮೇಲೆ ಅದರ ಸುದ್ದಿಯೇ ಇಲ್ಲ.

ಹಿಟ್ಟು ತಿಗಣೆ ಬರುತ್ತದೆ, ಬೇವಿನೆಣ್ಣೆ ಸಾಕು. ಕುಂಡ ದೊಡ್ಡದಿರಲಿ.

ಐದಕ್ಕೆ ಮೂರು ಸ್ಟಾರ್. ಇನ್ನೊಂದು ಸಲ ಕೊಳ್ಳುವುದಿಲ್ಲ, ಯಾಕಂದರೆ ಕೊಳ್ಳಬೇಕಾಗಿಯೇ ಇಲ್ಲ: ಎರಡು ಮೂರು ಕಾಯನ್ನು ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ಜೂನ್‌ಗೆ ನಮಗೂ ಪಕ್ಕದ ಮನೆಯವರಿಗೂ ಆಗುವಷ್ಟು ಬೀಜ.