ಡಿಪ್ಲೊಮಾ ಮೊದಲೋ ಪದವಿಯೋ, ವಾರ್ಡ್ ಮೊದಲೋ ಐಸಿಯುವೋ: ನಾಲ್ಕನ್ನೂ ನೋಡಿ ಬಂದ ಮೇಲೆ

ನರ್ಸಿಂಗ್ ಸೇರಬೇಕು ಅಂತಿರುವವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ. ಡಿಪ್ಲೊಮಾ ಮಾಡಲಾ, ಪದವಿ ಮಾಡಲಾ? ಕೆಲಸ ಸಿಕ್ಕರೆ ಮೊದಲು ವಾರ್ಡಿಗೆ ಹೋಗಲಾ, ಐಸಿಯುಗೆ ಹೋಗಲಾ? ನಾನು ಮೊದಲು ಡಿಪ್ಲೊಮಾ ಮಾಡಿದೆ, ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಪದವಿ. ಕೆಲಸದಲ್ಲಿ ಮೊದಲು ಐಸಿಯು, ಆಮೇಲೆ ಮೆಡಿಕಲ್ ವಾರ್ಡ್. ಓದಿನ ಕ್ರಮದ ಬಗ್ಗೆ ನನಗೆ ಬೇಸರವಿಲ್ಲ. ಕೆಲಸದ ಕ್ರಮ ಮಾತ್ರ ಹಿಂದುಮುಂದಾಯಿತು.

ಪ್ರವೇಶದ ಮಾತು ಮೊದಲು. ಡಿಪ್ಲೊಮಾಗೆ ನನ್ನನ್ನು ತೆಗೆದುಕೊಂಡದ್ದು ಅಂಕ ಮತ್ತು ಸಂದರ್ಶನದ ಮೇಲೆ. "ಯಾಕೆ ನರ್ಸಿಂಗ್?" ಅಂದಾಗ ಎಲ್ಲರಂತೆ ಸೇವೆ ಅಂದೆ. ಅದನ್ನು ಅವರು ಬರೆದುಕೊಳ್ಳಲೂ ಇಲ್ಲ. ಆಮೇಲೆ ಕೇಳಿದರು: "ಅರೆಪ್ರಜ್ಞೆಯಲ್ಲಿ ಮಲಗಿರುವ ರೋಗಿ ವಾಂತಿ ಮಾಡಿಕೊಂಡರೆ ಮೊದಲು ಏನು ಮಾಡುತ್ತೀರಿ?" ಡಾಕ್ಟರನ್ನು ಕರೆಯುತ್ತೇನೆ ಅಂದೆ. ಪಾರ್ಶ್ವವಾಯು ಆದ ಅಜ್ಜಿಯನ್ನು ತಿಂಗಳುಗಟ್ಟಲೆ ನೋಡಿಕೊಂಡಿದ್ದು ಆಗ ನೆನಪಾಯಿತು. ತಕ್ಷಣ ತಿದ್ದಿಕೊಂಡೆ: "ಮೊದಲು ಪಕ್ಕಕ್ಕೆ ಹೊರಳಿಸುತ್ತೇನೆ, ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ." ಮಾತು ಅಲ್ಲಿಂದ ಬದಲಾಯಿತು. ಅಜ್ಜಿಯನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸುತ್ತಿದ್ದಿರಿ, ಬೆನ್ನಲ್ಲಿ ಹುಣ್ಣು ಆಯಿತಾ, ಊಟ ಹೇಗೆ ಮಾಡಿಸುತ್ತಿದ್ದಿರಿ ಅಂತ ಒಂದೊಂದಾಗಿ ಕೇಳಿದರು. ಸಂದರ್ಶನಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ನೀವು ಕೈಯಾರೆ ಮಾಡಿದ ಯಾವುದಾದರೂ ಒಂದು ಆರೈಕೆಯನ್ನು ವಿವರವಾಗಿ ಹೇಳಿ.

ಪದವಿಗೆ ಪ್ರವೇಶ ಪರೀಕ್ಷೆ ಇತ್ತು. ಜೀವಶಾಸ್ತ್ರ ಸುಲಭವಾಯಿತು, ದಿನವೂ ನೋಡುವುದೇ ಅಲ್ವಾ. ರಸಾಯನಶಾಸ್ತ್ರ ಪೂರ್ತಿ ಮರೆತುಹೋಗಿತ್ತು, ಮೂರು ತಿಂಗಳು ಕೂತು ಓದಬೇಕಾಯಿತು. ಸೀಟು ಸಿಗುವುದು ಕಷ್ಟ ಅನ್ನಿಸಿದ್ದು ಇಲ್ಲೇ.

ಕಲಿಕೆಗೆ ಬಂದರೆ, ಡಿಪ್ಲೊಮಾ ನನ್ನ ಕೈಯನ್ನು ಬೇಗ ಪಳಗಿಸಿತು. ಕೆಲವೇ ವಾರಗಳಲ್ಲಿ ವಾರ್ಡಿನಲ್ಲಿದ್ದೆವು. ಹಾಸಿಗೆ ಹಾಸುವುದು, ಬಿಪಿ ನೋಡುವುದು, ಡ್ರಿಪ್ ಲೆಕ್ಕ. 1000 ಮಿಲಿ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ಪಿನ ಕೊಳವೆ ಸೆಟ್ಟು ಮಿಲಿಗೆ 20 ಹನಿ ಬೀಳಿಸುವಂಥದ್ದು. ಹಾಗಾದರೆ 20,000 ಹನಿಯನ್ನು 480 ನಿಮಿಷಕ್ಕೆ ಭಾಗಿಸಿ, ನಿಮಿಷಕ್ಕೆ ಸುಮಾರು 42. ನಿಂತಲ್ಲೇ ಹೇಳುತ್ತಿದ್ದೆವು. ಪದವಿಯಲ್ಲಿ ಆ 42 ಹನಿಯ ಮುಂದಿನ ಪ್ರಶ್ನೆ ಬಂತು. ಹೃದಯ ಸೋತ ರೋಗಿಗೂ ಇದೇ ವೇಗವಾ? ಕಿಡ್ನಿ ಕೆಲಸ ಮಾಡದವರಿಗೆ? ಆದೇಶ ಬರೆದ ಡಾಕ್ಟರಿಗೆ ಫೋನ್ ಮಾಡಿ ಕೇಳುವ ಧೈರ್ಯ ನನಗೆ ಬಂದದ್ದು ಪದವಿಯ ಎರಡನೇ ವರ್ಷದಲ್ಲಿ.

ಅಲ್ಲೇ ಒಂದು ಅಧ್ಯಯನ ಓದಿದೆ. 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರದು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಆದ ರೋಗಿಗಳನ್ನು ನೋಡಿದ್ದರು. ಪದವಿ ಪಡೆದ ನರ್ಸ್‌ಗಳ ಪಾಲು ಶೇಕಡಾ 10ರಷ್ಟು ಜಾಸ್ತಿ ಇದ್ದ ಕಡೆ, 30 ದಿನದೊಳಗೆ ರೋಗಿ ತೀರಿಕೊಳ್ಳುವ ಸಾಧ್ಯತೆ ಶೇಕಡಾ 7ರಷ್ಟು ಕಡಿಮೆ. ಡಿಪ್ಲೊಮಾದಿಂದ ಬಂದ ನನಗೆ ಅದು ಚುಚ್ಚಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಆ ಸಾಧ್ಯತೆ ಶೇಕಡಾ 7ರಷ್ಟು ಏರುತ್ತದೆ. ಪದವಿ ಪದವಿ ಅನ್ನುವವರು ಈ ಎರಡನೆಯದನ್ನು ಹೇಳುವುದೇ ಇಲ್ಲ. ನನಗೆ ಎರಡೂ ಅಷ್ಟೇ ಮುಖ್ಯ.

ಬೇರೆ ದೇಶಕ್ಕೆ ಹೋಗುವ ಆಸೆ ಇದ್ದರೆ ನಿಯಮ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದಲ್ಲಿ ಡಿಪ್ಲೊಮಾ, ಎರಡು ವರ್ಷದ ಅಸೋಸಿಯೇಟ್ ಕೋರ್ಸ್, ಪದವಿ ಮಾಡಿದ ಮೂವರೂ ನರ್ಸ್ ಲೈಸೆನ್ಸಿಗೆ ಬರೆಯುವುದು ಒಂದೇ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ. ಬ್ರಿಟನ್ನಿನಲ್ಲಿ 2013ರಿಂದ ಹೊಸದಾಗಿ ಓದಲು ಸೇರುವವರಿಗೆ ಪದವಿಯೇ ದಾರಿ. ಐರೋಪ್ಯ ಒಕ್ಕೂಟದ ನಿಯಮ 4600 ಗಂಟೆಗಳ ಕಲಿಕೆ ಕೇಳುತ್ತದೆ, ಅದರಲ್ಲಿ ಕನಿಷ್ಠ ಅರ್ಧ ರೋಗಿಗಳ ಬಳಿಯೇ ಆಗಬೇಕು. ಅದಕ್ಕೇ ಶಾಲೆ ಆರಿಸುವಾಗ ಕಟ್ಟಡ ನೋಡಬೇಡಿ, ವಾರ್ಡಿನಲ್ಲಿ ಎಷ್ಟು ಗಂಟೆ ಅಂತ ಕೇಳಿ. ಆ ಗಂಟೆಗಳ ದಾಖಲೆಯನ್ನು ಮೊದಲ ದಿನದಿಂದ ಜೋಪಾನವಾಗಿ ಇಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ, ಹಳೆ ಶಾಲೆಗೆ ಆರು ಸಲ ಅಲೆದೆ.

ಇನ್ನು ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿದ್ದ ನರ್ಸ್‌ಗಳು 2.98 ಕೋಟಿ, ಕೊರತೆ 58 ಲಕ್ಷ. ಇಷ್ಟು ಕೊರತೆ ಇದ್ದರೂ ಹೊಸಬರಿಗೆ ಸಿಗುವ ಉತ್ತರ "ಅನುಭವ ಇದ್ದವರು ಬೇಕು." ಇದಕ್ಕೆ ಕಾರಣ ಇದೆ. ಹೊಸಬರ ಜೊತೆ ತಿಂಗಳುಗಟ್ಟಲೆ ಒಬ್ಬ ಸೀನಿಯರ್ ನಿಲ್ಲಬೇಕು. ಜನ ಕಮ್ಮಿ ಇರುವ ಆಸ್ಪತ್ರೆಯಲ್ಲಿ ಆ ಸೀನಿಯರ್‌ಗೇ ಪುರುಸೊತ್ತಿಲ್ಲ. ಹೀಗಾಗಿ ಹೊಸಬರನ್ನು ಸೇರಿಸಿಕೊಂಡರೂ ಕಲಿಸದೆ ಬಿಡುವ ಜಾಗಗಳೇ ಜಾಸ್ತಿ.

ನನ್ನ ಮೊದಲ ಐಸಿಯು ಅಂಥದ್ದು. ಎರಡು ವಾರ ಜೊತೆಗೆ ಒಬ್ಬರು, ಮೂರನೇ ವಾರ ರಾತ್ರಿ ಪಾಳಿಯಲ್ಲಿ ವೆಂಟಿಲೇಟರ್ ರೋಗಿ ನನ್ನ ಕೈಗೆ. ಒಂದು ರಾತ್ರಿ ವೆಂಟಿಲೇಟರಿನ ಗಾಳಿಯ ಒತ್ತಡದ ಅಲಾರಂ ಹೊಡೆಯಿತು. ನಾನು ಪರದೆಯ ಮೇಲಿನ ಸಂಖ್ಯೆಯನ್ನೇ ನೋಡುತ್ತಾ ನಿಂತೆ. ಪಕ್ಕದ ಹಾಸಿಗೆಯ ಸಿಸ್ಟರ್ ಓಡಿ ಬಂದು ರೋಗಿಯ ಎದೆ ನೋಡಿದರು, ಉಸಿರಿನ ಟ್ಯೂಬಿಗೆ ಕಫ ಕಟ್ಟಿತ್ತು, ಸಕ್ಷನ್ ಮಾಡಿ ಅದನ್ನು ಹೀರಿ ತೆಗೆದರು. ಅಲಾರಂ ನಿಂತಿತು. ನನ್ನ ಕೈ ನಡುಕ ಬೆಳಗಿನವರೆಗೂ ನಿಲ್ಲಲಿಲ್ಲ. ಆರು ತಿಂಗಳಿಗೆ ಬಿಟ್ಟೆ.

ವಾರ್ಡಿನಲ್ಲಿ ಯಂತ್ರ ಕಮ್ಮಿ, ಜನ ಜಾಸ್ತಿ. ರಾತ್ರಿ ಹನ್ನೆರಡು ರೋಗಿಗಳು. ಯಾರ ಹತ್ತಿರ ಮೊದಲು ಹೋಗಬೇಕು ಅನ್ನುವುದೇ ಅಲ್ಲಿನ ದೊಡ್ಡ ಪಾಠ. ಒಬ್ಬ ಹಿರಿಯರು "ಯಾಕೋ ಸರಿ ಅನ್ನಿಸ್ತಿಲ್ಲಮ್ಮ" ಅಂದರು. ಬಿಪಿ ಸರಿ ಇತ್ತು, ನಾಡಿಯೂ ಸರಿ. ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದೆ, 26. ರೋಗಿ ಹದಗೆಡುತ್ತಿದ್ದಾರಾ ಅಂತ ಉಸಿರು, ನಾಡಿ, ಬಿಪಿ ಮುಂತಾದವಕ್ಕೆ ಅಂಕ ಕೊಟ್ಟು ನೋಡಲು ಬ್ರಿಟನ್ನಿನಲ್ಲಿ ಬಳಸುವ ನ್ಯೂಸ್-2 ಅಂಕಪಟ್ಟಿಯಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ, ತಕ್ಷಣ ನೋಡಿ ಅನ್ನುವ ಸೂಚನೆ. ಅದು ನೆನಪಿದ್ದರಿಂದ ಬೆಳಗಿನ ರೌಂಡ್ಸ್ ತನಕ ಕಾಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಎಸ್‌ಬಾರ್ ಕ್ರಮದಲ್ಲಿ ಹೇಳಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತದೆ, ನೀವೇನು ಮಾಡಬೇಕು. (ಈ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ಸುಮ್ನೆ ತಡವರಿಸುವುದು ಇದರಿಂದ ತಪ್ಪುತ್ತದೆ.) ಅದು ನ್ಯುಮೋನಿಯಾ ಆಗಿತ್ತು. ಒಂದು ಗಂಟೆಯೊಳಗೆ ಔಷಧ ಶುರುವಾಯಿತು.

ಉಸಿರು ಎಣಿಸುವ ಆ ಕಣ್ಣು ಐಸಿಯುನಲ್ಲಿ ನನಗಿರಲಿಲ್ಲ. ಅದಕ್ಕೇ ವಾರ್ಡ್ ಮೊದಲು ಅನ್ನುತ್ತೇನೆ. ಐಸಿಯುಗೂ ಅದರದೇ ಬೆಲೆ ಇದೆ. ಅಮೆರಿಕದಲ್ಲಿ ಅರಿವಳಿಕೆ ನರ್ಸ್ ಆಗಲು ಓದಬೇಕಾದರೆ ಕನಿಷ್ಠ ಒಂದು ವರ್ಷ ತೀವ್ರ ನಿಗಾ ಘಟಕದ ಅನುಭವ ಬೇಕು. ಮೂರು ನಾಲ್ಕು ತಿಂಗಳು ಜೊತೆಗಿದ್ದು ಕಲಿಸುವ ಐಸಿಯು ಸಿಕ್ಕರೆ ಹೊಸಬರು ಧೈರ್ಯವಾಗಿ ಹೋಗಬಹುದು. ಎರಡು ವಾರದ್ದಾದರೆ ಬೇಡ, ಸಂಬಳ ಎಷ್ಟೇ ಇರಲಿ.

ವಾರ್ಡಿನ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಕೊನೆಗೆ ನಾನೇ ಮೂರು ಪ್ರಶ್ನೆ ಕೇಳಿದ್ದೆ. ಎಷ್ಟು ವಾರ ಸೀನಿಯರ್ ಜೊತೆಗಿರುತ್ತಾರೆ? ರಾತ್ರಿ ನನಗೆ ಎಷ್ಟು ರೋಗಿಗಳು? ರಾತ್ರಿ ಎರಡು ಗಂಟೆಗೆ ಅನುಮಾನ ಬಂದರೆ ಯಾರನ್ನು ಕೇಳಲಿ? ಎರಡು ಆಸ್ಪತ್ರೆಗಳಲ್ಲಿ "ಎಲ್ಲಾ ಸರಿಹೋಗುತ್ತೆ" ಅಂದರು. ಮೂರನೆಯದರಲ್ಲಿ ಇನ್‌ಚಾರ್ಜ್ ಸಿಸ್ಟರ್ ಎದ್ದು ನನ್ನನ್ನು ವಾರ್ಡಿಗೆ ಕರೆದುಕೊಂಡು ಹೋದರು. ಔಷಧದ ಟ್ರಾಲಿ ತಳ್ಳುತ್ತಿದ್ದ ಒಬ್ಬರನ್ನು ತೋರಿಸಿ, "ಇವರನ್ನು ಕೇಳು. ಹನ್ನೆರಡು ವಾರ ನಿನ್ನ ಪಾಳಿ ಇವರ ಜೊತೆಗೇ" ಅಂದರು. ಅಲ್ಲೇ ಸೇರಿದೆ.