ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಕಪ್ಪು ಕೋಟಿಂಗ್ ಹೊಡೆಸುವವರು ಓದಿ

ಮೇ ತಿಂಗಳು ಬಂತೆಂದರೆ ಸುರತ್ಕಲ್‌ನಿಂದ ಕುಂದಾಪುರದವರೆಗೆ ಹೆದ್ದಾರಿ ಬದಿಯಲ್ಲಿ ‘ಅಂಡರ್‌ಬಾಡಿ ಕೋಟಿಂಗ್, ಮಾನ್ಸೂನ್ ಆಫರ್’ ಅಂತ ಬ್ಯಾನರ್ ಏಳುತ್ತವೆ. ಬೆಳಿಗ್ಗೆ ಗಾಡಿ ಬಿಟ್ಟರೆ ಸಂಜೆ ರೆಡಿ ಎನ್ನುತ್ತಾರೆ. ಆ ‘ಸಂಜೆ ರೆಡಿ’ ಎಂಬ ಮಾತು ಕಿವಿಗೆ ಬಿದ್ದರೆ ಕೀ ವಾಪಸ್ ಇಸ್ಕೊಂಡು ಮನೆಗೆ ಬನ್ನಿ. ಯಾಕೆ ಅಂತ ಹೇಳಲಿಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಅಂಗಡಿಯ ಹೆಸರು ಹಾಕುವುದಿಲ್ಲ. ಹಾಕಿದರೆ ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ಲಿಯೂ ಇದೇ ಕ್ರಮದಲ್ಲಿ ಕೆಲಸ ಆಗುತ್ತದೆ.

ನನ್ನದು ಹಳೆ ಮಾರುತಿ ಎಸ್ಟೀಮ್. 1.3 ಲೀಟರ್ ಎಂಜಿನ್, 85 ಅಶ್ವಶಕ್ತಿ, ತೂಕ 900 ಕೆಜಿಯ ಒಳಗೆ. 2007ರಲ್ಲಿ ತಯಾರಿಕೆ ನಿಂತ ಕಾರಿಗೆ ಈಗಲೂ ಯಾಕೆ ದುಡ್ಡು ಸುರಿಯುತ್ತೀಯ ಅಂತ ಮನೆಯಲ್ಲಿ ಕೇಳುತ್ತಾರೆ. ಕಾರ್ಕಳ ದಾಟಿ ಬಜಗೋಳಿ, ಮಾಳದ ಮೇಲೆ ಕುದುರೆಮುಖದ ದಾರಿ ಹಿಡಿದು ಒಂದು ಸಲ ಇದನ್ನು ಓಡಿಸಿದವರು ಆ ಪ್ರಶ್ನೆ ಕೇಳುವುದಿಲ್ಲ. ಸ್ಟೀರಿಂಗ್ ಹಗುರ, ಮೂಗು ಹಗುರ, ತಿರುವಿನಲ್ಲಿ ಹೇಳಿದ ಹಾಗೆ ಕೇಳುವ ಗಾಡಿ. ನಮ್ಮ ದೇಶದ ರ‍್ಯಾಲಿಗಳ 1400 ಸಿಸಿ ವರ್ಗದಲ್ಲಿ ಇದು ವರ್ಷಾನುಗಟ್ಟಲೆ ಓಡಿದ್ದು ಸುಮ್ಮನೆ ಅಲ್ಲ. ದಿನಾ ಆಫೀಸಿಗೂ ಇದರಲ್ಲೇ ಹೋಗುವುದು. ಮುಂದೆ ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಉಕ್ಕಿನ ಪೈಪಿನ ಚೌಕಟ್ಟು) ಕೂರಿಸಿ, ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಮಾಡಿಸಿ, ಹತ್ತಿರದಲ್ಲಿ ಎಲ್ಲಾದರೂ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನಲ್ಲಿ ಸಮಯದ ವಿರುದ್ಧ ಓಡಿಸುವ ಸ್ಪರ್ಧೆ) ಆದರೆ ಇಳಿಯುವ ಆಸೆ ಇತ್ತು. ಪಕ್ಕದ ಕಾಸರಗೋಡಿನ ಮೂಸಾ ಶರೀಫ್ ಚಾಲಕನಿಗೆ ದಾರಿ ಹೇಳುವ ನ್ಯಾವಿಗೇಟರ್ ಸೀಟಿನಲ್ಲಿ ಕೂತು ದೇಶ ವಿದೇಶದ ರ‍್ಯಾಲಿ ಓಡಿದ್ದನ್ನು ನೋಡುತ್ತಾ ಬೆಳೆದ ನಮಗೆ ಈ ಹುಚ್ಚು ಹೊಸದಲ್ಲ.

ಕೇಜ್ ಕೂರಿಸುವುದಾದರೆ ಮೊದಲು ಫ್ಲೋರ್ ಗಟ್ಟಿ ಇರಬೇಕು. ನಮ್ಮ ಮೆಕ್ಯಾನಿಕ್ ಗಾಡಿಯನ್ನು ಪಿಟ್, ಅಂದರೆ ಅಡಿಯಿಂದ ನೋಡಲಿಕ್ಕೆ ತೋಡಿದ ಹೊಂಡದ ಮೇಲೆ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಅಡಿಯೆಲ್ಲಾ ಕುಟ್ಟಿ ನೋಡಿ, “ಮೇಲ್ಮೇಲೆ ಸ್ವಲ್ಪ ತುಕ್ಕುಂಟು, ತಗಡು ಗಟ್ಟಿ ಉಂಟು. ಈಗ ಕಾಪಾಡಿಕೊಂಡ್ರೆ ಆಯ್ತು” ಎಂದಿದ್ದರು. ಆ ದಿನದ ಫೋಟೋಗಳು ನನ್ನ ಫೋನಿನಲ್ಲಿವೆ. ಕಾಪಾಡಿಕೊಳ್ಳಲಿಕ್ಕೆಂದೇ ಕೋಟಿಂಗ್ ಅಂಗಡಿಗೆ ಹೋದದ್ದು.

ಅಲ್ಲಿ ಹೇಳಿದ್ದು ಇಷ್ಟು: ಪ್ರೆಶರ್ ವಾಶ್, ಒಂದು ರಾತ್ರಿ ಒಣಗಿಸುವುದು, ತುಕ್ಕು ಇದ್ದಲ್ಲಿ ಉಜ್ಜಿ ಪ್ರೈಮರ್, ಆಮೇಲೆ ರಬ್ಬರೈಸ್ಡ್ ಕೋಟಿಂಗ್ ಎರಡು ಕೈ. ಐದು ವರ್ಷದ ವಾರಂಟಿ. ಬೆಳಿಗ್ಗೆ ಗಾಡಿ ಬಿಟ್ಟು ಬಂದೆ. ಮಧ್ಯಾಹ್ನ ನೀರು ಸೋರುತ್ತಿರುವ ಅಡಿಯ ಫೋಟೋ ವಾಟ್ಸಾಪಿಗೆ ಬಂತು. ಸಂಜೆ ಕತ್ತಲಾಗುವ ಮೊದಲು ಇನ್ನೊಂದು ಫೋಟೋ: ಮಿರಮಿರ ಮಿಂಚುವ ಕಪ್ಪು. ರಾತ್ರಿ ಒಣಗಿಸುವುದೆಂದಿರಲ್ಲ ಎಂದು ಫೋನ್ ಮಾಡಿದರೆ, “ಬ್ಲೋವರ್ ಹಾಕಿದ್ದೇವೆ ಸರ್, ಏನೂ ಆಗುದಿಲ್ಲ” ಎಂಬ ಉತ್ತರ. ಹೊಡೆದಾಗಿತ್ತು. ವಾಪಸ್ ಕೀಳಲಿಕ್ಕೆ ಬರುವ ವಸ್ತುವೂ ಅದಲ್ಲ.

ಇಲ್ಲಿ ಸ್ವಲ್ಪ ಉಪ್ಪಿನ ವಿಷಯ ಹೇಳಬೇಕು, ಘಟ್ಟದ ಮೇಲಿನವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮ ಗಾಡಿಗಳಿಗೆ ಉಪ್ಪು ಅಂಟಲಿಕ್ಕೆ ಸಮುದ್ರದ ದಂಡೆಗೇ ಹೋಗಬೇಕಂತಿಲ್ಲ. ಗಾಳಿಯಲ್ಲೇ ಬರುತ್ತದೆ. ಮಲ್ಪೆಯಿಂದ, ಮಂಗಳೂರಿನ ಮೀನುಗಾರಿಕಾ ದಕ್ಕೆಯಿಂದ ಹೊರಡುವ ಮೀನಿನ ಲಾರಿಗಳು ಹೆದ್ದಾರಿ ಉದ್ದಕ್ಕೂ ಮಂಜುಗಡ್ಡೆ ಕರಗಿದ ಉಪ್ಪುನೀರು ಸುರಿಸುತ್ತಾ ಹೋಗುತ್ತವೆ. ಅದರ ಹಿಂದೆ ಒಂದು ಕಿಲೋಮೀಟರ್ ಸಿಕ್ಕಿಹಾಕಿಕೊಂಡರೆ ವಾಸನೆ ಮೂಗಿಗೆ, ಉಪ್ಪು ವೀಲ್ ಆರ್ಚಿನ ಒಳಗೆ. ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರವರೆಗೆ. ಅಂದರೆ ಆಗಸ್ಟ್‌ನಿಂದ ಮೇ ಕೊನೆಯವರೆಗೆ ಲಾರಿಗಳು ಬಿಡುವಿಲ್ಲದೆ ಓಡುತ್ತವೆ. ಮೇ ಕೊನೆಗೆ ಕೋಟಿಂಗ್ ಹೊಡೆಸುವವರ ಗಾಡಿಯ ಅಡಿಯಲ್ಲಿ ಇಡೀ ಸೀಸನ್ನಿನ ಉಪ್ಪು ಕೂತಿರುತ್ತದೆ. ಅರ್ಧ ಗಂಟೆಯ ಪ್ರೆಶರ್ ವಾಶಿಗೆ ಕೆಸರು ಹೋಗುತ್ತದೆ, ತಗಡಿನ ಮಡಿಕೆಯೊಳಗಿನ ಉಪ್ಪು ಹೋಗುವುದಿಲ್ಲ.

ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗಲಿಕ್ಕೆ ಶುರುಮಾಡುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತೆರೆದಿಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಗಳೂರಿನ ಜೂನ್, ಜುಲೈ ತಿಂಗಳ ಆರ್ದ್ರತೆ ಆ ಮಿತಿಗಿಂತ ಎಷ್ಟೋ ಮೇಲೆಯೇ ಇರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಇದು. ಅಂಥ ಹವೆಯಲ್ಲಿ ಉಪ್ಪು ಕೂತ ತಗಡು ಒಣಗುವುದೇ ಇಲ್ಲ. ಕೋಟಿಂಗ್ ಇಲ್ಲದಿದ್ದರೆ ಬಿಸಿಲು ಬಂದಾಗಲಾದರೂ ಗಾಳಿ ತಾಗಿ ಒಂದಿಷ್ಟು ಒಣಗುತ್ತಿತ್ತು, ಮಳೆನೀರೇ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಒದ್ದೆ ತಗಡಿನ ಮೇಲೆ ದಪ್ಪ ರಬ್ಬರ್ ಕೂರಿಸಿದರೆ ಎರಡಕ್ಕೂ ದಾರಿ ಬಂದ್. ತುಕ್ಕು ಒಳಗೇ ಬೆಳೆಯುತ್ತದೆ, ಹೊರಗಿಂದ ನೋಡಿದರೆ ಹೊಸ ಗಾಡಿಯ ಹಾಗೆ ಕಪ್ಪಗೆ ಕಾಣುತ್ತದೆ.

ಮೊದಲ ಮಳೆಗಾಲದಲ್ಲಿ ಏನೂ ಗೊತ್ತಾಗಲಿಲ್ಲ. ಚಾರ್ಮಾಡಿ ಹತ್ತುವಾಗ ಡಾಂಬರು ಸುಟ್ಟ ವಾಸನೆ ಬಂದದ್ದು ಹೌದು. ಸೈಲೆನ್ಸರ್ ಪೈಪಿಗೂ ಹೊಡೆದಿದ್ದರು, ಅದು ಉರಿದು ಹೋಯಿತು. ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ ಅಂಟಿಕೊಂಡಿತ್ತು, ಬಿಡಿಸಿ ಗ್ರೀಸ್ ಹಾಕಿಸಿದ್ದಾಯಿತು. ಆಮೇಲೆ ಒಂದು ಶಬ್ದ ಶುರುವಾಯಿತು. ಹೆಜಮಾಡಿ ಟೋಲ್‌ನಲ್ಲಿ ನಿಧಾನ ಮಾಡುವಾಗ ಕಾಲಿನ ಪಕ್ಕದಲ್ಲಿ ಬಳಕ್ ಅಂತ ಕೇಳುವುದು, ಹೊರಡುವಾಗ ಹಿಂದಿನ ಸೀಟಿನ ಬಳಿ ಅದೇ ಬಳಕ್. ಬಾಟಲಿ ಉರುಳುತ್ತಿದೆಯೇ ಎಂದು ಸೀಟಿನಡಿ ಹುಡುಕಿದರೆ ಬಾಟಲಿ ಇಲ್ಲ. ಎಸಿಯ ನೀರಿನ ಪೈಪ್ ಕಟ್ಟಿದೆಯೇ ನೋಡಿದರೆ ಅದೂ ಸರಿ ಇತ್ತು.

ನೀರು ಇದ್ದದ್ದು ರನ್ನಿಂಗ್ ಬೋರ್ಡಿನ ಒಳಗೆ. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಆ ಪೆಟ್ಟಿಗೆಯಂಥ ಭಾಗ ಒಳಗೆ ಟೊಳ್ಳು. ಎಲ್ಲಿಂದಲೋ ಒಳಗೆ ಇಳಿದ ನೀರು ಹೊರಗೆ ಹೋಗಲೆಂದು ಕಂಪನಿಯವರೇ ಅದರ ಅಡಿಯಲ್ಲಿ ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ಬಾಗಿಲುಗಳ ಕೆಳ ಅಂಚಿನಲ್ಲೂ ಇರುತ್ತವೆ. ಕೋಟಿಂಗ್ ಹೊಡೆದ ಹುಡುಗರು ಅವಕ್ಕೆ ಟೇಪ್ ಹಾಕಲಿಲ್ಲ, ಹೊಡೆದ ಮೇಲೆ ಬಿಡಿಸಲೂ ಇಲ್ಲ. ಅಷ್ಟೂ ತೂತು ಮುಚ್ಚಿಹೋಗಿದ್ದವು.

ಗೊತ್ತಾದದ್ದು ಎರಡನೇ ಮಳೆಗಾಲ ಕಳೆದ ಮೇಲೆ, ಟೈರ್ ಬದಲಿಸಲಿಕ್ಕೆ ಜಾಕಿ ಕೊಟ್ಟಾಗ. ಜಾಕಿ ಏರಿತು, ಕಾರು ಏರಲಿಲ್ಲ. ಕಪ್ಪು ಪದರ ಹಾಗೇ ಒಳಗೆ ಕುಸಿದು, ಬಿರುಕಿನಿಂದ ಕಂದು ನೀರು ಸುರಿಯಿತು.

ಮಂಗಳೂರಿನ ಕುದ್ರೋಳಿ ಕಡೆಯ ಹಳಬರೊಬ್ಬರು ಟಿಂಕರಿಂಗ್ ಮಾಡುತ್ತಾರೆ, ಅವರಲ್ಲಿಗೆ ತಳ್ಳಿಸಿಕೊಂಡು ಹೋದ ಹಾಗೆ ಹೋದೆ. ಅವರು ಅಡಿಯಲ್ಲಿ ಮಲಗಿ ಸ್ಕ್ರೇಪರ್ ಹಾಕಿ ಎಳೆದರೆ ಕೋಟಿಂಗ್ ಅಂಗೈ ಅಗಲದ ತುಂಡುಗಳಾಗಿ ಬಂತು. ಹಿಂಬದಿಗೆ ತುಕ್ಕು ಅಂಟಿಕೊಂಡೇ ಬರುತ್ತಿತ್ತು. ಪ್ರೈಮರಿನ ಗುರುತು ಎಲ್ಲಿಯೂ ಇರಲಿಲ್ಲ. “ಎಂತ ಮಾರಾಯ್ರೆ, ಇದಕ್ಕೆ ಮೇಲಿಂದ ಮುಚ್ಚಳ ಹಾಕಿ ಒಳಗೆ ಬೇಯಿಸಿದ್ದಾರೆ ಅಲ್ವಾ” ಎಂದರು. ಎರಡೂ ಕಡೆಯ ರನ್ನಿಂಗ್ ಬೋರ್ಡ್, ಚಾಲಕನ ಕಾಲಿನಡಿಯ ಫ್ಲೋರ್, ಹಿಂದೆ ಸ್ಟೆಪ್ನಿ ಕೂರುವ ಗುಂಡಿ, ಇಷ್ಟು ಹೋಗಿತ್ತು. ಗ್ಯಾಸ್ ವೆಲ್ಡಿಂಗ್ ಬೇಡ, ಸಿಒಟು ವೆಲ್ಡಿಂಗೇ ಮಾಡಬೇಕು, ಕೊಳೆತದ್ದನ್ನು ಪೂರ್ತಿ ಕತ್ತರಿಸಿ ಹೊಸ ತಗಡು ಹಾಕಬೇಕು ಎಂದು ಹೇಳಿ ನಲವತ್ತು ಸಾವಿರದ ಅಂದಾಜು ಕೊಟ್ಟರು. ಕೋಟಿಂಗಿಗೆ ಕೊಟ್ಟದ್ದು ನಾಲ್ಕೂವರೆ ಸಾವಿರ.

ದುಡ್ಡಿನ ಮಾತು ಬಿಡಿ. ನನಗೆ ಕೈಕಾಲು ತಣ್ಣಗಾದದ್ದು ಬ್ರೇಕ್ ಪೈಪ್ ನೋಡಿ. ಫ್ಲೋರಿನಡಿಯಲ್ಲಿ ಹಿಂದಿನ ಚಕ್ರಕ್ಕೆ ಹೋಗುವ ಕಬ್ಬಿಣದ ಸಪೂರ ಪೈಪುಗಳಿಗೂ ಕ್ಲಿಪ್ ಸಮೇತ ಹೊಡೆದಿದ್ದರು. ಕಪ್ಪು ಕಿತ್ತರೆ ಕ್ಲಿಪ್ಪಿನ ಬಳಿ ಪೈಪ್ ಕುಳಿ ಕುಳಿಯಾಗಿತ್ತು, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಬ್ರೇಕ್ ಒತ್ತಿದಾಗಿನ ಅಷ್ಟೂ ಒತ್ತಡ ತಡೆಯಬೇಕಾದ ಪೈಪ್ ಅದು. ಕಾರಿನ ಬ್ರೇಕಿಗೆ ಬೇರೆ ಬೇರೆ ಎರಡು ಸರ್ಕ್ಯೂಟ್ (ಬ್ರೇಕ್ ಆಯಿಲ್ ಹೋಗುವ ದಾರಿ) ಇರುವುದರಿಂದ ಒಂದು ಒಡೆದರೂ ಅರ್ಧ ಬ್ರೇಕ್ ಉಳಿಯುತ್ತದೆ ನಿಜ. ಆಗುಂಬೆಯ ತಿರುವಿನಲ್ಲಿ ಮಂಜಿನೊಳಗೆ ಇಳಿಯುವಾಗ ಪೆಡಲ್ ಕೆಳಗೆ ಹೋದರೆ ಉಳಿದ ಅರ್ಧದ ಲೆಕ್ಕ ಹಾಕಲಿಕ್ಕೆ ಸಮಯ ಸಿಗುತ್ತದೆಯೇ? ಸರ್ವಿಸ್‌ಗೆ ಕೊಟ್ಟಾಗ ಮೆಕ್ಯಾನಿಕ್ ಪ್ರತಿ ಸಲ ಪೈಪ್ ನೋಡುತ್ತಿದ್ದರು. ಕಪ್ಪು ಹೊಡೆದ ಮೇಲೆ ನೋಡಲಿಕ್ಕೆ ಕಾಣಬೇಕಲ್ಲ.

ಕೇಜ್ ಕೂರಿಸುವ ಯೋಚನೆ ಇರುವ ಹುಡುಗರು ಇದನ್ನು ಗಮನಿಸಿ. ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮದ ಪ್ರಕಾರ ಕೇಜಿನ ಪ್ರತಿ ಮುಖ್ಯ ಕಾಲಿನಡಿ ಕನಿಷ್ಠ 3 ಮಿಲಿಮೀಟರ್ ದಪ್ಪ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ಪ್ಲೇಟನ್ನು ಬಾಡಿಗೆ ವೆಲ್ಡ್ ಮಾಡಿ, ಕನಿಷ್ಠ ಮೂರು ಎಂ8 (8 ಮಿಲಿಮೀಟರ್) ಬೋಲ್ಟ್ ಹಾಕಬೇಕು. ಪ್ಲೇಟ್ ಎಷ್ಟೇ ದಪ್ಪ ಇರಲಿ, ಅದನ್ನು ಹಿಡಿದಿರುವುದು ಒಂದು ಮಿಲಿಮೀಟರೂ ದಪ್ಪವಿಲ್ಲದ ಫ್ಲೋರ್ ತಗಡು. ಅದು ಕೊಳೆತಿದ್ದರೆ ಗಾಡಿ ಮಗುಚಿದಾಗ ಕೇಜಿನ ಕಾಲು ಫ್ಲೋರ್ ಸೀಳಿಕೊಂಡು ಕೆಳಗೆ ಇಳಿಯುತ್ತದೆ. ಮೇಲಿನ ಪೈಪ್ ಗಟ್ಟಿ ಉಂಟು ಎಂದು ಹೆಮ್ಮೆಪಟ್ಟು ಪ್ರಯೋಜನ ಇಲ್ಲ. ಹಳೆ ಜೆನ್, ಎಸ್ಟೀಮ್, ಜಿಪ್ಸಿ ಹುಡುಕುತ್ತಿರುವವರು ಅಡಿಯಲ್ಲಿ ಹೊಸ ಕಪ್ಪು ಕಂಡರೆ ಮಾರುವವನನ್ನು ಕೇಳಿ ಒಂದು ಅಂಗೈ ಜಾಗ ಕೆರೆದು ನೋಡಿ. ಬೇಡ ಎಂದರೆ ಅಲ್ಲಿಂದಲೇ ತಿರುಗಿ ಬನ್ನಿ. ‘ಈಗಷ್ಟೇ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಿದೆ, ಇನ್ನು ಐದು ವರ್ಷ ಚಿಂತೆಯಿಲ್ಲ’ ಎಂಬ ಮಾತಿಗೂ ಫ್ಲೋರಿಗೂ ಸಂಬಂಧವಿಲ್ಲ.

ಅಂಗಡಿಗೆ ಫೋಟೋ ಹಿಡಿದುಕೊಂಡು ಹೋದೆ. “ಹಳೆ ಗಾಡಿ ಅಲ್ವಾ ಸರ್, ತುಕ್ಕು ಮೊದ್ಲೇ ಇದ್ದಿರ್ಬೇಕು” ಎಂದರು. ಪಿಟ್‌ನ ಹಳೆ ಫೋಟೋ ತೋರಿಸಿದ ಮೇಲೆ ವಾರಂಟಿ ಕಾರ್ಡಿನ ಹಿಂಬದಿ ತೋರಿಸಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ: ಮೊದಲೇ ಇದ್ದ ತುಕ್ಕಿಗೆ ಅನ್ವಯಿಸದು, ಪ್ರತಿ ವರ್ಷ ಹಣ ಕೊಟ್ಟು ತಪಾಸಣೆ ಮಾಡಿಸಿರಬೇಕು, ಕೋಟಿಂಗ್ ಕಿತ್ತರೆ ವಾರಂಟಿ ರದ್ದು. ಕೀಳದೆ ಒಳಗಿನ ತುಕ್ಕು ತೋರಿಸುವುದು ಹೇಗೆ ಎಂದು ಕೇಳಿದ್ದಕ್ಕೆ “ಮಾಲೀಕರು ಈಗ ಇಲ್ಲಿಲ್ಲ” ಎಂದರು. ವಿಮೆಯವರ ಮಾತು ಎತ್ತುವುದೇ ಬೇಡ, ತುಕ್ಕು, ಸವೆತಕ್ಕೆ ಕಾರಿನ ಪಾಲಿಸಿಯಲ್ಲಿ ಪರಿಹಾರವಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಉಂಟು. 2019ರ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲೇ ಹಾಕಬಹುದು. ನಾನು ಕಾಗದ ಜೋಡಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಕೋಟಿಂಗ್ ಮಾಡಿಸುವುದಿದ್ದರೆ ಬಿಲ್ಲಿನಲ್ಲಿ ಯಾವ ವಸ್ತು, ಎಷ್ಟು ಕೈ, ಪ್ರೈಮರ್ ಉಂಟೋ ಇಲ್ಲವೋ ಎಂದು ಬರೆಸಿಕೊಳ್ಳಿ. ಬರೆಯಲಿಕ್ಕೆ ಹಿಂಜರಿದರೆ ಅಲ್ಲಿಗೇ ಉತ್ತರ ಸಿಕ್ಕಿತು.

ಹಾಗಾದರೆ ಮಾಡಿಸಲೇಬಾರದೇ ಅಂದರೆ, ಹಾಗಲ್ಲ. ಹೊಸ ಗಾಡಿಗೆ, ಜನವರಿ ಫೆಬ್ರವರಿಯ ಒಣ ಹವೆಯಲ್ಲಿ, ತೊಳೆದು ಎರಡು ದಿನ ಬಿಸಿಲಿಗೆ ನಿಲ್ಲಿಸಿ, ಕಣ್ಣೆದುರೇ ಹೊಡೆಸಿದರೆ ಒಳ್ಳೆಯದೇ. ಹಳೆ ಗಾಡಿಗೆ ಗಟ್ಟಿಯಾಗುವ ರಬ್ಬರ್ ಬೇಡ. ಮೆತ್ತಗೇ ಉಳಿಯುವ ವ್ಯಾಕ್ಸ್ ಬಗೆಯದು ಸಿಗುತ್ತದೆ, ಅದು ಸಂದಿಗೆ ಇಳಿಯುತ್ತದೆ, ಕಿತ್ತುಬಂದು ಒಳಗೆ ನೀರು ಹಿಡಿದಿಡುವುದಿಲ್ಲ. ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು, ಅಷ್ಟೇ ತೊಂದರೆ. ಕೆಲವು ಗ್ಯಾರೇಜಿನಲ್ಲಿ ಹಳೆ ಎಂಜಿನ್ ಆಯಿಲ್ ಸ್ಪ್ರೇ ಮಾಡುತ್ತಾರೆ. ಬುಶ್, ಹೋಸ್‌ಗಳ ರಬ್ಬರ್ ಹಾಳಾಗುತ್ತದೆ, ಮೊದಲ ಮಳೆಗೆ ಅದು ಬಾವಿಗೋ ತೋಡಿಗೋ ಸೇರುತ್ತದೆ, ದಯವಿಟ್ಟು ಬೇಡ. ಮಲ್ಪೆ, ಪಣಂಬೂರಿನ ಮರಳಿಗೆ ಗಾಡಿ ಇಳಿಸಿ ರೀಲ್ಸ್ ಮಾಡುವವರಿಗೆ ಹೇಳಲಿಕ್ಕೆ ನನ್ನಲ್ಲಿ ಏನೂ ಇಲ್ಲ. ಉಳಿದವರು ಮೀನಿನ ಲಾರಿ ಓಡುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಾವಿನೀರಿನ ಪೈಪ್ ಹಿಡಿದು ವೀಲ್ ಆರ್ಚ್, ಅಡಿಯ ಮಡಿಕೆ ತೊಳೆದರೆ ಯಾವ ಕೋಟಿಂಗಿಗಿಂತಲೂ ಮೇಲು.

ನನ್ನ ಗಾಡಿಗೆ ಬ್ರೇಕ್ ಪೈಪ್ ಮೊದಲು ಬದಲಿಸಿದ್ದಾಗಿದೆ. ಫ್ಲೋರ್ ಕೆಲಸ ಅರ್ಧ ಆಗಿದೆ, ಕೇಜ್ ಸದ್ಯಕ್ಕೆ ಇಲ್ಲ.

ಈಗಾಗಲೇ ಕೋಟಿಂಗ್ ಹೊಡೆಸಿ ಆಗಿರುವವರು ಈ ವಾರವೇ ಒಂದು ಕೆಲಸ ಮಾಡಿ. ರನ್ನಿಂಗ್ ಬೋರ್ಡಿನ ಅಡಿ ಅಂಚಿನಲ್ಲಿ, ಬಾಗಿಲುಗಳ ಕೆಳ ಅಂಚಿನಲ್ಲಿ ತೂತುಗಳನ್ನು ಹುಡುಕಿ. ಕೈ ಆಡಿಸಿದರೆ ತಗ್ಗು ಸಿಗುತ್ತದೆ. ಗಾಡಿಯನ್ನು ಜಾಕಿ ಮೇಲೆ ಎತ್ತಿ ಅಡಿಗೆ ನುಗ್ಗಬೇಡಿ, ಪಿಟ್ ಇರುವಲ್ಲಿಗೆ ಹೋಗಿ. ಸಪೂರ ತಂತಿಯಿಂದ ಚುಚ್ಚಿ ಬಿಡಿಸಿ. ಏನೂ ಬಾರದಿದ್ದರೆ ಒಳ್ಳೆಯದು. ತಿಳಿನೀರು ಬಂದರೆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಪೂರ್ತಿ ಸೋರಲು ಬಿಡಿ. ಕಂದು ನೀರು ಬಂದರೆ ಮುಂದಿನ ಸರ್ವಿಸ್‌ವರೆಗೆ ಕಾಯದೆ ಟಿಂಕರ್ ಹತ್ತಿರ ಹೋಗಿ, ಬ್ರೇಕ್ ಪೈಪಿನ ಮೇಲಿನ ಕಪ್ಪನ್ನು ಮೊದಲು ಕೀಳಿಸಿ.